ಉಡಿ ತುಂಬಿ ಕಳಿಸಿದ ಹುಡುಗಿ

ನನ್ನ ಬಾಯಿ ಮೊದಲಿನಿಂದಲೂ ದೊಡ್ಡದು. ಸರ್ಕಾರಿ ಶಾಲೆಯಲ್ಲಿ ಮಕ್ಕಳನ್ನು ಗದರಿಸಿ ಗದರಿಸಿ ಅದು ಇನ್ನಷ್ಟು ದೊಡ್ಡದಾಯಿತು. ನಿವೃತ್ತಿಯಾದ ಮೇಲೆ ಗದರಿಸಲು ಯಾರೂ ಸಿಗದೆ ನಮ್ಮ ಯಜಮಾನರ ಮೇಲೆ ಹರಿಹಾಯುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮ ಚರ್ಚಿನ ಗುರುಗಳು ನನ್ನನ್ನು ಕರೆದು, "ದೈವಕರೆಯ ಕೆಲಸ ನೀವು ನೋಡಿಕೊಳ್ಳಿ ಟೀಚರೇ" ಎಂದರು. ಮುಂದೆ ಗುರುಗಳಾಗುವ ಗಂಡುಮಕ್ಕಳು, ಸಿಸ್ಟರ್ ಆಗುವ ಹೆಣ್ಣುಮಕ್ಕಳು ನಮ್ಮ ಮನೆಗಳಿಂದಲೇ ಬರಲಿ ಎಂದು ಪ್ರಾರ್ಥನೆ ಮಾಡಿಸುವುದು, ತಂದೆತಾಯಿಗಳ ಜೊತೆ ಮಾತಾಡುವುದು, ಮಕ್ಕಳನ್ನು ಹುರಿದುಂಬಿಸುವುದು, ಇದು ಆ ಕೆಲಸ. ನಾನು ಒಪ್ಪಿಕೊಂಡೆ. ಯಜಮಾನರಿಗೆ ಬಿಡುಗಡೆಯಾಯಿತು.

ನಮ್ಮ ಮನೆ ಜೇವರ್ಗಿಯಲ್ಲಿ. ಈ ಕಡೆ ಕಥೋಲಿಕರು ಹಿಡಿಯಷ್ಟು ಜನ. ಇಜೇರಿಯಲ್ಲಿ ಕೆಲವು ಮನೆ, ಅಫಜಲಪುರದಲ್ಲಿ ಇನ್ನೊಂದಿಷ್ಟು, ಆಳಂದದ ಕಡೆ ನರೋಣಾದಲ್ಲಿ ಒಂದೆರಡು. ಚೀಲದಲ್ಲಿ ಜಪಸರ, ನೀರಿನ ಬಾಟಲಿ, ಪ್ರಾರ್ಥನೆಯ ಚೀಟಿಗಳನ್ನು ಹಾಕಿಕೊಂಡು ಬಸ್ಸು ಹತ್ತಿದರೆ ಸಂಜೆಗೆ ಮನೆ ಸೇರುತ್ತಿದ್ದೆ. ಪಕ್ಕದ ಮನೆಯ ಮುಸ್ಲಿಂ ಅಜ್ಜಿ ನನ್ನನ್ನು ನೋಡಿ ನಗುತ್ತಿದ್ದಳು. "ಲಗ್ನ ಮಾಡ್ಸೋ ದಲ್ಲಾಳಿ ಭಾಳ ಮಂದಿ ನೋಡೇನಿ. ಲಗ್ನ ಬ್ಯಾಡ ಅಂತ ಹೇಳ್ಕೋತ ತಿರಗೋ ದಲ್ಲಾಳಿ ನಿನ್ನನ್ನೇ ನೋಡಿದ್ದು" ಎನ್ನುವಳು. ನನಗೂ ನಗು ಬರುತ್ತಿತ್ತು.

ಆದರೆ ನನ್ನ ಆಸೆ ನಗುವಂಥದ್ದಾಗಿರಲಿಲ್ಲ. ನಮ್ಮಲ್ಲಿಗೆ ಬರುವ ಗುರುಗಳೆಲ್ಲ ಮಂಗಳೂರಿನ ಕಡೆಯವರು, ಸಿಸ್ಟರುಗಳೂ ಹಾಗೆಯೇ. ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ. ಆದರೂ ಪೂಜೆಯಲ್ಲಿ ಅವರ ಪ್ರವಚನ ಮುಗಿದ ಮೇಲೆ ನಮ್ಮ ಮುದುಕಿಯರು ಹೊರಗೆ ಬಂದು, "ಫಾದರ್ ಏನಂದ್ರು ಅಕ್ಕೋರ?" ಎಂದು ನನ್ನ ಸೆರಗು ಜಗ್ಗುತ್ತಿದ್ದರು. ನಮ್ಮ ಮಣ್ಣಿನಿಂದ ಒಬ್ಬರಾದರೂ ಹೋಗಬೇಕು, ಕಲಿತು ಬರಬೇಕು, "ಬರ್ರಿ, ಕೂಡ್ರಿ, ಊಟ ಆತೇನ್ರಿ" ಎಂದು ನಮ್ಮವರ ಹಾಗೆ ಮಾತಾಡಬೇಕು ಎಂಬ ಆಸೆ ನನಗಿತ್ತು. ಆ ಒಬ್ಬರನ್ನು ಕಳಿಸಿದವಳು ನಾನೇ ಎಂದು ನಾಲ್ಕು ಜನ ಹೇಳಬೇಕು ಎಂಬುದೂ ಇತ್ತು. ಅದನ್ನು ಆಗ ಒಪ್ಪಿಕೊಳ್ಳುತ್ತಿರಲಿಲ್ಲ, ಈಗ ಒಪ್ಪಿಕೊಳ್ಳುತ್ತೇನೆ.

ಆ ಹುಡುಗಿ ಇಜೇರಿಯವಳು. ಪಿಯುಸಿ ಮುಗಿಸಿದ್ದಳು. ಭಾನುವಾರ ಚರ್ಚಿನ ಪೂಜೆಯಲ್ಲಿ ಬೈಬಲ್ ವಾಚನ ಓದಿದರೆ ಅಳುವ ಕೂಸೂ ಸುಮ್ಮನಾಗುತ್ತಿತ್ತು, ಅಷ್ಟು ಸ್ಪಷ್ಟ, ಅಷ್ಟು ನಿಧಾನ. ಅಪ್ಪ ಅವಳು ಸಣ್ಣವಳಿದ್ದಾಗಲೇ ತೀರಿಕೊಂಡಿದ್ದ. ಅವ್ವ ಹೊಲದ ಕೆಲಸಕ್ಕೆ ಹೋಗಿ ಓದಿಸಿದ್ದಳು. ಆ ಅವ್ವನಿಗೆ ಇವಳು, ಇವಳಿಗೆ ಅವ್ವ. ಮನೆಯಲ್ಲಿ ಇನ್ನೊಂದು ಜೀವ ಇರಲಿಲ್ಲ.

ನಾನು ಮೂರು ಸಲ ಅವರ ಮನೆಗೆ ಹೋದೆ. ಮೂರನೇ ಸಲ ಹುಡುಗಿ, "ಹೋಗಿ ನೋಡ್ತೇನ್ರಿ ಅಕ್ಕೋರ, ನನಗೂ ಮನಸ್ಸದ" ಎಂದಳು. ಮನಸ್ಸು ಇದ್ದದ್ದು ಖರೆ, ನಾನು ಬಲವಂತ ಮಾಡಿರಲಿಲ್ಲ. ಅವ್ವ ಮಾತ್ರ ಒಲೆಯ ಮುಂದೆ ಕೂತು, "ಆಕಿ ಖುಷಿ ಇದ್ರ ಆತ್ರಿ" ಎಂದಷ್ಟೇ ಹೇಳಿ ಬೂದಿ ಕೆದಕುತ್ತಿದ್ದಳು.

ಇಲ್ಲಿಗೆ ಬಿಟ್ಟಿದ್ದರೆ ಎಲ್ಲ ನೆಟ್ಟಗಿರುತ್ತಿತ್ತು. ಆದರೆ ನಮ್ಮ ಧರ್ಮಕೇಂದ್ರದಿಂದ ಹೊರಟ ಮೊದಲ ಹುಡುಗಿ, ಬರಿಗೈಲಿ ಕಳಿಸುವುದು ಹೇಗೆ? ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಉಡಿ ತುಂಬುತ್ತೇವೆ. ಸೆರಗಿನಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಎಲೆ ಅಡಿಕೆ, ಕುಪ್ಪಸದ ಬಟ್ಟೆ ಹಾಕಿ ಹರಸುತ್ತೇವೆ. ಕ್ರೈಸ್ತರಾದರೂ ನಾವು ಅದನ್ನು ಬಿಟ್ಟಿಲ್ಲ. ಇವಳು ದೇವರ ಮನೆಗೆ ಹೋಗುವವಳು, ಇವಳಿಗೂ ಉಡಿ ತುಂಬೋಣ ಎಂದೆ. ಹೆಂಗಸರೆಲ್ಲ ಹೌದು ಹೌದು ಎಂದರು.

ಗುರುಗಳು ನನ್ನನ್ನು ಪಕ್ಕಕ್ಕೆ ಕರೆದರು. "ಟೀಚರೇ, ಇದು ಮದುವೆ ಅಲ್ಲ. ಅವಳು ಅಲ್ಲಿ ಇದ್ದು ನೋಡಬೇಕು, ಸಿಸ್ಟರುಗಳೂ ಅವಳನ್ನು ನೋಡಬೇಕು. ಸರಿಹೋಗದಿದ್ದರೆ ಬರುತ್ತಾಳೆ. ಅದರಲ್ಲಿ ತಪ್ಪೇನೂ ಇಲ್ಲ. ಇಷ್ಟು ದೊಡ್ಡದು ಮಾಡಬೇಡಿ" ಎಂದರು.

"ನಮ್ಮ ಕಡಿ ಹೆಣ್ಮಕ್ಕಳನ್ನ ಹಂಗ ಸುಮ್ನ ಕಳಸೋದಿಲ್ರಿ ಫಾದರ್" ಎಂದೆ.  ನನ್ನ ಜೊತೆ ವಾದ ಹಾಕಿ ಗೆದ್ದವರು ಕಡಿಮೆ.

ಪೂಜೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ಚಾಪೆ ಹಾಸಿ ಹುಡುಗಿಯನ್ನು ಕೂಡಿಸಿದೆವು. ಹಸಿರು ಸೀರೆ ನಾನೇ ಉಡಿಸಿದ್ದೆ. ಒಬ್ಬೊಬ್ಬರಾಗಿ ಮುತ್ತೈದೆಯರು ಬಂದು ಸೆರಗಿಗೆ ಅಕ್ಕಿ ಹಾಕಿದರು. ಅವ್ವ ವಿಧವೆ. ಉಡಿ ತುಂಬುವ ಕಡೆ ವಿಧವೆ ಕೈ ಹಾಕುವುದಿಲ್ಲ, ಅದೂ ನಮ್ಮ ಪದ್ಧತಿ. ಚರ್ಚಿನಲ್ಲಿ ಅಂಥ ಕಟ್ಟಳೆ ಇಲ್ಲವೆಂದು ನನಗೆ ಗೊತ್ತಿತ್ತು, ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುವವಳು ನಾನು. ಆದರೂ ಅವಳು ಗೋಡೆಗೆ ಆತು ನಿಂತಿದ್ದನ್ನು ನೋಡಿ, ಬಾ ಎನ್ನಲಿಲ್ಲ. ಹೆತ್ತವಳು ದೂರ ನಿಂತಳು, ನಾನು ಮುಂದೆ ನಿಂತೆ. ಕೊನೆಗೆ ಎಲ್ಲರಿಗೂ ಕೇಳುವ ಹಾಗೆ, "ಇವತ್ತಿಂದ ನೀ ಆ ಮನಿ ಮಗಳು. ಇನ್ನ ಹೊಳ್ಳಿ ನೋಡಬ್ಯಾಡ" ಎಂದೆ. ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವಳು ಜೂನಿನಲ್ಲಿ ಸಿಸ್ಟರುಗಳ ಕಾನ್ವೆಂಟಿಗೆ ಹೋದಳು. ಅಲ್ಲಿ ತಿಂಗಳಿಗೊಂದು ಸಲ, ಭಾನುವಾರ, ಫೋನ್ ಮಾಡಲು ಬಿಡುತ್ತಿದ್ದರು. ಸೆಪ್ಟೆಂಬರಿನಲ್ಲಿ, ಕನ್ಯಾಮರಿಯಮ್ಮನವರ ಹಬ್ಬದ ಮರುವಾರ, ನನಗೆ ಫೋನ್ ಬಂತು.

"ಅಕ್ಕೋರ, ಆರಾಮ ಇದ್ದೀರೇನ್ರಿ?"

"ನಾ ಆರಾಮ. ನೀ ಹ್ಯಾಂಗಿದ್ದಿ?"

 "ಇಲ್ಲಿ ಎಲ್ಲಾರೂ ಚೊಲೋ ಅದಾರ್ರಿ. ಯಾರೂ ಏನೂ ಅನ್ನಂಗಿಲ್ಲ. ಆದ್ರ ನನ್ ಮನಸ್ಸು ನಿಲ್ಲಂಗಿಲ್ರಿ. ಪ್ರಾರ್ಥನಾಕ್ಕ ಕುಂತ್ರ ಅವ್ವನೇ ಕಣ್ಮುಂದ ಬರ್ತಾಳ. ಇದು ನನಗಲ್ಲ ಅನಸ್ತದ್ರಿ. ನಾ ವಾಪಸ್ ಬರ್ಲೇನ್ರಿ?" ಎಂದಳು.

ಆಗ ನನಗೆ ಮೊದಲು ನೆನಪಾದದ್ದು ಅವಳಲ್ಲ, ಅವಳ ಅವ್ವನೂ ಅಲ್ಲ. ಉಡಿ ತುಂಬಿದ ಆ ಅಂಗಳ ನೆನಪಾಯಿತು. ಹಿಂದಿನ ತಿಂಗಳಷ್ಟೇ ಗುರುಗಳೂ ಸಿಸ್ಟರುಗಳೂ ಸೇರಿದ್ದ ಸಭೆಯೊಂದರಲ್ಲಿ ನನ್ನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿಸಿದ್ದರು. ಅದೂ ನೆನಪಾಯಿತು.

"ಹುಚ್ಚಿ, ಗಂಡನ ಮನಿಗ ಹೋದ ಹುಡುಗ್ಯಾರೂ ಮೊದಲ ಹಿಂಗೇ ಅಳ್ತಾರ" ಎಂದೆ. "ಉಡಿ ತುಂಬಿ ಕಳಿಸೇವಿ ನಿನಗ. ಈಗ ಬಂದ್ರ ನಿಮ್ಮವ್ವ ಮಂದ್ಯಾಗ ಮಾರಿ ಹ್ಯಾಂಗ ತೋರಿಸ್ಬೇಕು? ಆಕಿ ಎದಿ ಒಡೀಬ್ಯಾಡ. ತಡ್ಕೋ, ಎಲ್ಲಾ ಸರಿ ಆಗ್ತದ."

"ಹೌದ್ರಿ" ಎಂದಳು. ಎರಡು ಸಲ ಎಂದಳು. ಫೋನ್ ಇಟ್ಟಳು. ಈ ಮಾತನ್ನು ನಾನು ಗುರುಗಳಿಗೂ ಹೇಳಲಿಲ್ಲ, ಅವ್ವನಿಗೂ ಹೇಳಲಿಲ್ಲ. ಕಷ್ಟದ ಗಳಿಗೆ ದಾಟಿಸಿದೆ ಎಂದುಕೊಂಡೆ, ಅಷ್ಟೇ.

ತೊಗರಿ ಕಾಯಿ ಕಟ್ಟಿದ ಕಾಲ, ಕ್ರಿಸ್ಮಸ್ಸಿಗೆ ಇನ್ನೂ ಮೂರು ವಾರ ಇತ್ತು. ಪೂಜೆ ಮುಗಿದ ಮೇಲೆ ಹುಡುಗಿಯ ಅವ್ವ ನನ್ನ ಹಿಂದೆಯೇ ಮನೆತನಕ ನಡೆದು ಬಂದಳು. ಚೀಲದ ತುಂಬ ಹಸಿ ತೊಗರಿಕಾಯಿ ತಂದಿದ್ದಳು. ಕುರ್ಚಿ ಕೊಟ್ಟರೂ ಕೂಡದೆ ಹೊಸ್ತಿಲ ಹತ್ತಿರ ಕೂತಳು. ಎದೆಯುರಿ, ಏದುಸಿರು ಎಂದೆಲ್ಲ ಹೇಳಿಕೊಂಡಳು. ಆಮೇಲೆ ಮೆಲ್ಲಗೆ ವಿಷಯಕ್ಕೆ ಬಂದಳು.

"ಒಂದು ಮಾತು ಕೇಳ್ತೇನ್ರಿ ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಮಗಳು ಫೋನಿನ್ಯಾಗ ಆರಾಮ ಇದ್ದೇನಿ ಅಂತಾಳ. ನಾ ಹಡದಾಕಿ, ನನಗ ತಿಳಿಯಂಗಿಲ್ಲೇನ್ರಿ? ಆಕಿ ದನಿ ಸಣ್ಣದಾಗ್ಯದ. ನಾ ಹೋಗಿ ಆಕಿನ್ನ ಕರ್ಕೊಂಡು ಬಂದ್ರ ದೇವ್ರಿಗೆ ಸಿಟ್ಟು ಬರ್ತದೇನ್ರಿ?"

ಹುಡುಗಿಯೂ ಇದನ್ನೇ ಕೇಳಿದ್ದಾಳೆ, ನಾಳೆಯೇ ಬಸ್ಸು ಹತ್ತು ಎಂದು ಹೇಳಿಬಿಟ್ಟಿದ್ದರೆ ಸಾಕಿತ್ತು. ಹೇಳಲು ಬಾಯಿ ಬರಲಿಲ್ಲ, ಎಲ್ಲದಕ್ಕೂ ಮುಂದೆ ಬರುವ ನನ್ನ ಬಾಯಿ. ಮೂರು ತಿಂಗಳು ಮುಚ್ಚಿಟ್ಟದ್ದು ಹೊರಗೆ ಬೀಳುತ್ತದಲ್ಲ ಎಂಬ ಅಂಜಿಕೆ ಇತ್ತು. ಅಂಜಿಕೆಗೆ ನನ್ನ ಹತ್ತಿರ ಇರುವುದು ಒಂದೇ ಉಪಾಯ, ಜೋರು ಮಾಡುವುದು.

"ದೇವ್ರಿಗೆ ಕೊಟ್ಟದ್ದು ಯಾರರೇ ಹೊಳ್ಳಿ ಕೇಳ್ತಾರೇನ? ನೀನೇ ಹಿಂಗ ಮನಸ್ಸು ಸಣ್ಣದು ಮಾಡಿದ್ರ ಆಕಿ ಅಲ್ಲಿ ಹ್ಯಾಂಗ ನಿಲ್ತಾಳ?" ಎಂದೆ.

"ಇಲ್ರಿ, ಸುಮ್ನ ಕೇಳಿದೆ" ಎಂದು ಅವಳು ಎದ್ದಳು. ಚೀಲ ಬರಿದು ಮಾಡಿ, ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಆ ತೊಗರಿಕಾಯಿ ಉಪ್ಪು ಹಾಕಿ ಕುದಿಸಿ ಯಜಮಾನರೂ ನಾನೂ ತಿಂದೆವು. ರುಚಿಯಾಗಿದ್ದವು.

ಜನವರಿಯಲ್ಲಿ, ತೊಗರಿ ರಾಶಿ ನಡೆದಾಗ, ಆ ಅವ್ವ ಹೊಲದಲ್ಲೇ ಕುಸಿದಳು. ಜೇವರ್ಗಿಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಕಾನ್ವೆಂಟಿಗೆ ಫೋನ್ ಮಾಡಿದವಳು ನಾನೇ. ಮರುದಿನ ಮಧ್ಯಾಹ್ನ ಹುಡುಗಿ ಒಬ್ಬರು ಸಿಸ್ಟರ್ ಜೊತೆ ಬಂದಳು. ಅಲ್ಲಿಯವರೆಗೆ ಮಣ್ಣು ಮಾಡದೆ ಕಾದಿದ್ದೆವು. ಅವಳು ಅವ್ವನ ಪಾದದ ಹತ್ತಿರ ಕೂತು ಎರಡೂ ಹಿಮ್ಮಡಿಗಳನ್ನು ಅಂಗೈಯಲ್ಲಿ ಹಿಡಿದುಕೊಂಡಳು. ಹೊಲದ ಮಣ್ಣಿನಲ್ಲಿ ಬಿರುಕು ಬಿಟ್ಟ ಹಿಮ್ಮಡಿಗಳು. ಎಷ್ಟು ಎಬ್ಬಿಸಿದರೂ ಬಿಡಲಿಲ್ಲ.

ಮೂರನೇ ದಿನದ ಪೂಜೆ ಮುಗಿದ ಮೇಲೆ ಸಿಸ್ಟರ್ ಹೊರಡಲು ಸಿದ್ಧರಾದರು. "ನಾ ಬರಂಗಿಲ್ಲ ಸಿಸ್ಟರ್" ಎಂದಳು ಹುಡುಗಿ. ಅವರು ಅವಳ ತಲೆ ಸವರಿ, ಸರಿ ಮಗಳೇ ಎಂದರು. ನಾನು ಬಸ್ಸಿನವರೆಗೆ ಅವರನ್ನು ಕಳಿಸಲು ಹೋದೆ. ದಾರಿಯಲ್ಲಿ ಅವರು, "ಅವಳಿಗೆ ಅಲ್ಲಿ ಮನಸ್ಸಿಲ್ಲ ಎಂದು ನನಗೆ ಅನುಮಾನ ಇತ್ತು. ಎರಡು ಸಲ ಕೇಳಿದೆ, ಮನೆಗೆ ಹೋಗ್ತೀಯಾ ಎಂದು. ಬೇಡ ಅಂದಳು. ಯಾಕೆ ಅಂದಳೋ. ನಾವು ಯಾರನ್ನೂ ಕಟ್ಟಿಹಾಕುವುದಿಲ್ಲ ಟೀಚರ್" ಎಂದರು.  ಅಲ್ಲಿ ಬಾಗಿಲು ಹಾಕಿದವರು ಯಾರೂ ಇರಲಿಲ್ಲ. ಹಾಕಿದವಳು ನಾನು, ಇಲ್ಲಿ ಜೇವರ್ಗಿಯಲ್ಲಿ ಕೂತಿದ್ದೆ.

ಹುಡುಗಿ ಈಗ ಜೇವರ್ಗಿಯ ಬಜಾರಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ದಿನಾ ಇಜೇರಿಯಿಂದ ಬಸ್ಸಿನಲ್ಲಿ ಬಂದು ಹೋಗುತ್ತಾಳೆ. ಭಾನುವಾರ ಹಿಂದಿನ ಸಾಲಿನಲ್ಲಿ ಕೂಡುತ್ತಾಳೆ. ವಾಚನ ಓದು ಎಂದರೆ ತಲೆ ಅಲ್ಲಾಡಿಸುತ್ತಾಳೆ. ನಮ್ಮ ಹೆಂಗಸರು ಬಾಯಿಗೆ ಬಂದದ್ದು ಆಡಿಕೊಂಡರು, ಮಠ ಬಿಟ್ಟು ಬಂದಾಕಿ ಎಂದರು. ಆ ಮಾತಿಗೆ ಬುನಾದಿ ಹಾಕಿಕೊಟ್ಟವಳು ನಾನೇ ಆದ್ದರಿಂದ ಅವರನ್ನು ಬೈಯಲು ನನಗೆ ಮುಖ ಇರಲಿಲ್ಲ. ಆದರೂ ಬೈದೆ.

ದೈವಕರೆಯ ಕೆಲಸ ಬಿಟ್ಟುಬಿಟ್ಟೆ. ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಗುರುಗಳ ಹತ್ತಿರ ಪಾಪನಿವೇದನೆಗೆ ಹೋಗಿ ಎಲ್ಲವನ್ನೂ ಹೇಳಿದೆ.  ಅವರು, "ದೇವರು ಕ್ಷಮಿಸುತ್ತಾನೆ. ಆ ಹುಡುಗಿಗೆ ಹೇಳಿದ್ದೀರಾ?" ಎಂದು ಕೇಳಿದರು.

ಒಂದು ಶುಕ್ರವಾರ, ಅವಳ ಅಂಗಡಿಗೆ ರಜೆ ಇದ್ದ ದಿನ, ಇಜೇರಿಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. "ಬರ್ರಿ ಅಕ್ಕೋರ, ಕೂಡ್ರಿ" ಎಂದು ಚಾಪೆ ಕೊಟ್ಟಳು. ಮರ್ಯಾದೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ.

"ನಿನಗ ಅವತ್ತು ಫೋನಿನ್ಯಾಗ ಬರಬ್ಯಾಡ ಅಂದಿದ್ದು ನನ್ನ ತಪ್ಪು" ಎಂದೆ.

"ಹೋಗ್ಲಿ ಬಿಡ್ರಿ. ತಪ್ಪು ನನ್ನದೇ" ಎಂದಳು, ಹಿಟ್ಟು ನಾದುತ್ತ. "ಅವ್ವಗ ಹೇಳ್ಬೇಕಂತ ಎಷ್ಟೋ ಸಲ ಬಾಯಿತನಕ ಬಂತ್ರಿ. ಮಂದಿ ಮುಂದ ಆಕಿ ಮಾರಿ ಸಣ್ಣದಾಗ್ತದ, ಬರಬ್ಯಾಡ ಅಂತಾಳ ಅಂತ ಅಂಜಿದೆ. ಆಕಿ ಬರಬ್ಯಾಡ ಅಂದಿದ್ರ ನನಗ ತಡಕೊಳ್ಳಾಕ ಆಗ್ತಿರ್ಲಿಲ್ಲ. ಅದಕ್ಕ ಕೇಳ್ಲೇ ಇಲ್ಲ."

ಇಲ್ಲಿಗೆ ಸುಮ್ಮನೆ ಎದ್ದು ಬರಬಹುದಿತ್ತು. ತಪ್ಪು ತನ್ನದೇ ಎಂದು ಅವಳು ನನ್ನನ್ನು ಬಿಟ್ಟೇಬಿಟ್ಟಿದ್ದಳು. ಆದರೆ ಹೆತ್ತವ್ವ ತನ್ನನ್ನು ಬೇಡ ಎನ್ನುತ್ತಿದ್ದಳು ಎಂದುಕೊಂಡೇ ಆ ಹುಡುಗಿ ಬದುಕೆಲ್ಲ ಬಾಳಬೇಕೇ? ಬಾಯಿ ತೆರೆದೆ.

"ನಿಮ್ಮವ್ವ ಬಂದಿದ್ಲು ನನ್ನ ಹಂತ್ಯಾಕ. ನಿನ್ನ ಕರ್ಕೊಂಡು ಬರ್ತೇನಿ, ಬರ್ಲೇನ್ರಿ ಅಂತ ಕೇಳಾಕ ಬಂದಿದ್ಲು."

ಅವಳ ಕೈ ನಿಂತಿತು. "ಯಾವಾಗ್ರಿ?"

"ಕ್ರಿಸ್ಮಸ್ಸಿನ ಮುಂದ."

"ಅಂದ್ರ ನಾ ಫೋನ್ ಮಾಡಿದ ಮ್ಯಾಲ."

"ಹೌದವ್ವ."

"ನೀವೇನಂದ್ರಿ ಆಕಿಗ?"

ಅಂದದ್ದನ್ನು ಅಂದ ಹಾಗೆಯೇ ಹೇಳಿದೆ, ಒಂದು ಅಕ್ಷರ ಬಿಡದೆ. ತವೆಯ ಮೇಲಿನ ರೊಟ್ಟಿ ಸೀದು ಹೊಗೆ ಎದ್ದಿತು. ಅವಳು ಅದನ್ನು ತೆಗೆಯಲಿಲ್ಲ. ನನ್ನನ್ನೂ ನೋಡಲಿಲ್ಲ. ಬೈಯುತ್ತಾಳೆ, ಹೊರಗೆ ನಡೆ ಎನ್ನುತ್ತಾಳೆ ಎಂದು ಕಾದೆ. ಅಂದಿದ್ದರೆ ನನಗೆ ಹಗುರಾಗುತ್ತಿತ್ತು.

"ಅವ್ವ ಒಂದ್ ಸಲ ನನ್ನನ್ನ ಕೇಳ್ಬೇಕಿತ್ತು. ನಾ ಒಂದ್ ಸಲ ಅವ್ವನ್ನ ಕೇಳ್ಬೇಕಿತ್ತು" ಎಂದಳು. "ಇಬ್ರೂ ನಿಮ್ಮನ್ನ ಕೇಳಿದೆವು ನೋಡ್ರಿ ಅಕ್ಕೋರ."