ಗಾಜಿನೊಳಗಿನ ಮಾವಿನಮರ

ಸರ್ಕಾರ ನೌಕಾನೆಲೆಗೆಂದು ಜಮೀನು ಪಡೆದು ಬೇಲಿ ಹಾಕಿದ ಮೇಲೆ ಚೆಂಡಿಯಾ ಊರಿನ ಬೀರಾ ಮತ್ತೆ ಆ ಬೇಲಿ ದಾಟಿರಲಿಲ್ಲ. ಮಗಳು ಭವ್ಯಾ ಕಾರವಾರದಲ್ಲಿ ಭೂಮಾಪನ ಓದುತ್ತಿದ್ದಳು. ಒಮ್ಮೆ ಅವಳ ತರಗತಿ ಅಳತೆ ಕಲಿಯಲು ಬೀರಾನ ಮನೆಯಿದ್ದ ಹೊಸ ಪುನರ್ವಸತಿ ಕಾಲನಿಯ ಗುಡ್ಡಕ್ಕೇ ಬಂದಾಗ, ಹಳೆಯ ಥಿಯೋಡೊಲೈಟ್ ಎಂಬ ಅಳತೆಯ ದುರ್ಬೀನಿನಲ್ಲಿ ಅಪ್ಪನಿಗೆ ಬೇಲಿಯೊಳಗೆ ಬಿಟ್ಟುಬಂದ ಅಂಗಳ ತೋರಿಸಿದಳು.

"ಅಯ್ಯೋ, ನಮ್ಮ ಮಾವಿನಮರ ಬುಡಮೇಲಾಗದ್ಯಲ್ಲೇ!"

"ಇಲ್ಲ ಅಪ್ಪ, ಈ ಗಾಜಲ್ಲಿ ಎಲ್ಲಾ ತಲೆಕೆಳಗೇ ಕಾಣ್ತದೆ. ಮರ ನೆಟ್ಟಗದೆ."

ಆ ಮಾತೊಂದೇ ಬೀರಾನಿಗೆ ಆಸರೆಯಾಯಿತು. ಬೇರೇನು ಉಳಿದಿತ್ತು ಅವನಿಗೆ?

ಓದು ಮುಗಿಸಿ ಭವ್ಯಾ ಗುತ್ತಿಗೆದಾರರ ಸರ್ವೆ ಕೆಲಸಕ್ಕೆ ಬೇಲಿಯೊಳಗೆ ಹೋದಳು. ಅವಳೇ ಗೂಟ ಹೊಡೆದು ಗುರುತಿಸಿದ ರಸ್ತೆಗೆ ಆ ಮಾವಿನಮರ ಅಡ್ಡ ಬಂತು. ಸಂಜೆಯೊಳಗೆ ಅದರ ಬೇರು ಮೇಲಾಗಿತ್ತು.

ಮನೆಗೆ ಬಂದವಳನ್ನು ಬೀರಾ ಕೇಳಿದ: "ಮರ ಹ್ಯಾಂಗದ್ಯೇ?"

"ಅವತ್ತು ಗಾಜಲ್ಲಿ ನೋಡಿದ್ಯಲ್ಲ ಅಪ್ಪ, ಹಾಂಗೇ ಅದೆ."

ಬೀರಾ ನಕ್ಕ. "ಹಂಗಾರೆ ನೆಟ್ಟಗದೆ."