ಜಾರದ ಮಚ್ಚು

“ಅಮ್ಮಾ, ಕೋಳಿಯಕ್ಕನ ಕಿರುಬೆರಳು ಮಾತ್ರ ಯಾಕೆ ಆ ಕಡೆ ತಿರುಗಿದೆ? ಉಳಿದ ಬೆರಳುಗಳ ಜೊತೆ ಟೂ ಬಿಟ್ಟಿದೆಯಾ?”

ನನ್ನ ಐದು ವರ್ಷದ ಮಗಳು ಇದನ್ನು ಕೇಳಿದ್ದು ಅಂಗಡಿಯ ಮುಂದೆಯೇ, ಅಕ್ಕನ ಕಿವಿಗೆ ಬೀಳುವಂತೆ. ನಾನು ಅವಳ ಬಾಯಿ ಮುಚ್ಚಲು ಹೋದೆ. ಮಚ್ಚು ಎತ್ತಿದ್ದ ಅಕ್ಕ ನಕ್ಕು, “ಹೂಂ ಪುಟ್ಟಿ, ಅದಕ್ಕೆ ಸೊಕ್ಕು ಜಾಸ್ತಿ” ಎಂದಳು. ಠಪ್ ಎಂದು ಒಂದೇ ಏಟಿಗೆ ಕೋಳಿಯ ತೊಡೆ ಎರಡಾಯಿತು.

ಮನೆಗೆ ಬಂದು ಮಗಳಿಗೆ “ಬಿದ್ದು ಮುರಿದಿತ್ತು” ಎಂದೆ. ಅವಳಿಗೆ ಹೇಳಲಾಗದ್ದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ನಾವಿರುವುದು ಮಹಡಿಯಲ್ಲಿ, ಕೆಳಗೆ ಅಕ್ಕನ ಕೋಳಿ ಅಂಗಡಿ. ಗೋಡೆಗೆ ಒತ್ತಿ ನಿಂತ ಮೂರು ಪಂಜರ, ಕತ್ತು ಕೊಯ್ದ ಕೋಳಿ ಬಡಿದುಕೊಂಡು ತಣ್ಣಗಾಗುವ ನೀಲಿ ಡ್ರಮ್ಮು, ನಡುವೆ ಏಟು ತಿಂದು ತಿಂದು ತಟ್ಟೆಯಂತೆ ಹಳ್ಳಬಿದ್ದ ಮರದ ದಿಮ್ಮಿ. ಬೆಳಿಗ್ಗೆ ಎದ್ದರೆ ಮೊದಲು ಕೇಳುವುದು ಡ್ರಮ್ಮಿನೊಳಗಿನ ಆ ಬಡಿತವೇ. ಹನ್ನೆರಡು ವರ್ಷದಿಂದ ಅಕ್ಕ ಕೋಳಿ ಕಡಿಯುತ್ತಿದ್ದಾಳೆ, ಮೈಮೇಲೆ ಒಂದು ಗೀರಿಲ್ಲ. ಆಚೆ ಬೀದಿಯ ಕಟುಕನ ಹೆಬ್ಬೆರಳಿಗೆ ಸದಾ ಬಟ್ಟೆ ಸುತ್ತಿರುತ್ತದೆ. ಅವನನ್ನು ಕಂಡರೆ ಅಕ್ಕನಿಗೆ ತಮಾಷೆ. “ಮಚ್ಚು ಜಾರಿತು ಅನ್ನೋನು ಕಟುಕ ಅಲ್ಲ ಕಣೇ, ಸೌದೆ ಒಡೆಯೋನು. ಕೀಲು ಎಲ್ಲಿದೆ ಅಂತ ಕೈಗೆ ಗೊತ್ತಿರಬೇಕು.”

ಅಕ್ಕನ ಗಂಡ ಪರದೇಶದಲ್ಲಿದ್ದಾನೆ, ಅಲ್ಲಿಯ ಪ್ರಜೆಯೇ ಆಗಿದ್ದಾನೆ. ಹೋದ ವರ್ಷ ಒಂದು ತಿಂಗಳಿಗೆಂದು ಬಂದ. ಆ ತಿಂಗಳು ನಮ್ಮ ನೆಲದ ಕೆಳಗಿಂದ ಬಂದ ಸದ್ದುಗಳಲ್ಲಿ ಯಾವುದು ಕೋಳಿಯದು, ಯಾವುದು ಅಕ್ಕನದು ಎಂದು ನನಗೆ ಗೊತ್ತಾಗುತ್ತಿರಲಿಲ್ಲ. ಅವರಿಗೊಬ್ಬಳೇ ಮಗಳು, ಆಗ ಐದು ವರ್ಷ. ಅವಳನ್ನು ಮೊದಲು ಕರೆದೊಯ್ಯುತ್ತೇನೆ, ನೀನು ಆಮೇಲೆ ಬಾ ಎಂದ. ಮಗು ನನ್ನ ಜೊತೆಗೇ ಬರುತ್ತದೆ ಎಂದು ಅಕ್ಕ ಮಗುವಿನ ಪಾಸ್‌ಪೋರ್ಟ್ ಎತ್ತಿಡಲು ಬೀರುವಿಗೆ ಕೈ ಹಾಕಿದಳು. ಅವನು ಬೀರುವಿನ ಬಾಗಿಲನ್ನು ಒದ್ದು ಮುಚ್ಚಿದ. ಕೈ ಒಳಗಿರುವಾಗಲೇ ಇನ್ನೊಮ್ಮೆ ಒದ್ದ. ನಾನು ಮೆಟ್ಟಿಲಿಳಿದು ಓಡಿಬರುವಷ್ಟರಲ್ಲಿ ಅಕ್ಕ ನೆಲದ ಮೇಲಿದ್ದಳು, ಅವನು ಅವಳ ಪಕ್ಕೆಗೆ ಒದೆಯುತ್ತಿದ್ದ, ಮಗು ಮೂಲೆಯಲ್ಲಿ ನಿಂತು ಕಿವಿ ಮುಚ್ಚಿಕೊಂಡಿತ್ತು. ಮಾರನೇ ದಿನ ಅಕ್ಕನ ವೀಸಾ ಅರ್ಜಿಗೆ ಬೇಕೆಂದು ಮೂವರೂ ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡರು. ಫೋಟೋದಲ್ಲಿ ಅವನು ಅಕ್ಕನ ಕೈಯನ್ನು ತನ್ನ ಅಂಗೈಯಲ್ಲಿ ಬಚ್ಚಿಟ್ಟು ಅಮುಕಿ ಹಿಡಿದಿದ್ದಾನೆ. ಅಕ್ಕ ನಗುತ್ತಿದ್ದಾಳೆ, ಕಣ್ಣಲ್ಲಿ ನೀರಿದೆ. ವಾರದೊಳಗೆ ಅವನು ಮಗಳನ್ನು ಕರೆದುಕೊಂಡು ಹೋದ.

ಈಗ ಅಕ್ಕನ ಸರದಿ. ಆ ದೇಶದ ಕಾನ್ಸುಲೇಟಿನಲ್ಲಿ ವೀಸಾ ಸಂದರ್ಶನ. ನಾನು ಅರ್ಜಿ ತುಂಬಿದೆ, ಫೋಟೋಗಳನ್ನು ತಾರೀಖಿನಂತೆ ಜೋಡಿಸಿದೆ. ವೈದ್ಯರ ತಪಾಸಣೆಗೆ ಜೊತೆಗೆ ಹೋದವನು ಅವಳ ಮೈದುನ. ಬೆರಳಿನ ಬಗ್ಗೆ ವೈದ್ಯರು ಕೇಳಿದಾಗ ಅವನೇ ಬಾಯಿ ಹಾಕಿ “ಕೆಲಸ ಮಾಡೋವಾಗ ಮಚ್ಚು ಜಾರಿತು” ಎಂದು ಬರೆಸಿದ್ದ.

ಸಂದರ್ಶನಕ್ಕೆ ಎಂಟು ದಿನವಿರುವಾಗ ಅಂಗಡಿಗೆ ಬಂದು ಪಾಠ ಒಪ್ಪಿಸಿಕೊಳ್ಳತೊಡಗಿದ. ನಾನು ಕೋಳಿ ತೂಗಿಸಿಕೊಂಡು ನಿಂತಿದ್ದೆ.

“ಬೆರಳಿಗೆ ಏನಾಯ್ತು?”

“ಮೆಟ್ಟಿಲಿಂದ ಬಿದ್ದೆ ಅಂತೀನಿ. ಮಚ್ಚು ಅಂತ ಮಾತ್ರ ಹೇಳಲ್ಲ.”

“ಕಾಗದದಲ್ಲಿ ಇರೋದನ್ನ ಹೇಳು ಅತ್ತಿಗೆ. ನಿನ್ನನ್ನೇನು ಅಣ್ಣ ಮುದ್ದಾಡಕ್ಕೆ ಕರೀತಿದ್ದಾನಾ? ಮಗು ನೋಡ್ಕೊಳಕ್ಕೆ ಆಯಾ ಇಟ್ಟರೆ ಸಂಬಳ ಕೊಡ್ಬೇಕು. ಹೆಂಡ್ತಿಗೆ ಕೊಡ್ಬೇಕಾಗಿಲ್ಲ.”

ಅಕ್ಕ ಮತ್ತೆ ಇಲ್ಲ ಎಂದಳು. ಅವನು ಅವಳ ಜಡೆಗೆ ಕೈ ಹಾಕಿ ಹಣೆಯನ್ನು ಪಂಜರದ ಕಬ್ಬಿಣಕ್ಕೆ ಜಜ್ಜಿದ. ಒಳಗೆ ಕೋಳಿಗಳು ಚೀರಿ ಗರಿ ಎಬ್ಬಿಸಿದವು. ಎರಡನೇ ಸಲ ಜಜ್ಜಲೆಂದು ಇನ್ನೊಂದು ಕೈಯನ್ನು ದಿಮ್ಮಿಯ ಮೇಲೆ ಊರಿದ. ಮಚ್ಚು ಮೇಲೆದ್ದದ್ದು ನಾನು ನೋಡಲಿಲ್ಲ, ಇಳಿದದ್ದಷ್ಟೇ ಕಂಡಿತು. ಅವನ ಅಂಗಿಯ ತೋಳು ಮಣಿಕಟ್ಟಿನ ಪಕ್ಕದಲ್ಲೇ ದಿಮ್ಮಿಗೆ ನಾಟಿಕೊಂಡಿತ್ತು. ಚರ್ಮಕ್ಕೆ ಏನೂ ತಾಗಿರಲಿಲ್ಲ.

“ಒಂದು ನೂಲು ಈ ಕಡೆ ಬಂದಿದ್ರೆ ನಿನ್ನ ಕೈಗೂ ಒಂದು ಕಥೆ ಕಟ್ಟಬೇಕಿತ್ತು, ಮೈದುನ,” ಎಂದಳು ಅಕ್ಕ. ಹಣೆಯ ರಕ್ತ ಹುಬ್ಬಿಗಿಳಿದಿತ್ತು.

ಅವನು ಅಂಗಿಯ ತೋಳು ಹರಿದುಕೊಂಡು ಬೀದಿಗೆ ಹಾರಿದ. ಅಲ್ಲಿಂದಲೇ ಕೂಗಿದ: “ನಾನು ಒಂದು ಫೋನ್ ಮಾಡಿದ್ರೆ ಅಣ್ಣ ಅರ್ಜಿ ವಾಪಸ್ ತಗೋತಾನೆ. ಮಗಳನ್ನ ಫೋಟೋದಲ್ಲೇ ನೋಡ್ಕೊಂಡಿರು!”

ಆ ಮಾತು ಹಣೆಯ ಪೆಟ್ಟಿಗಿಂತ ಜೋರಾಗಿ ಬಿತ್ತು. ನಾನು ಗಾಯ ತೊಳೆದು ಪಟ್ಟಿ ಕಟ್ಟಿದೆ. ಅಂದಿನಿಂದ ಅಕ್ಕ ದಿನಾ ಸಂಜೆ ನಮ್ಮ ಮೆಟ್ಟಿಲ ಮೇಲೆ ಕೂತು, “ಮಚ್ಚು ಜಾರಿತು, ಮಚ್ಚು ಜಾರಿತು” ಎಂದು ಉಗುಳಿದ ಹಾಗೆ ಅಭ್ಯಾಸ ಮಾಡಿದಳು.

ಸಂದರ್ಶನದ ದಿನ ಒಳಗೆ ಅಕ್ಕನನ್ನು ಮಾತ್ರ ಬಿಟ್ಟರು. ಅವಳ ಚೀಲ, ಫೋನು ಹಿಡಿದುಕೊಂಡು ನಾನು ಎದುರಿನ ಕಟ್ಟೆಯ ಮೇಲೆ ಮೂರು ಗಂಟೆ ಕೂತೆ. ಒಳಗೆ ನಡೆದದ್ದನ್ನು ಅವಳು ಹೇಳಿದ್ದು ಬಸ್ಸಿನಲ್ಲಿ.

ದಪ್ಪ ಗಾಜಿನ ಆಚೆ ಒಬ್ಬ ಅಧಿಕಾರಿಣಿ, ಪಕ್ಕದಲ್ಲಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿ ಹೇಳುವ ಹುಡುಗಿ. ಮೊದಲು ಬೆರಳಚ್ಚು. ಯಂತ್ರದ ಮೇಲೆ ಎಡಗೈಯ ನಾಲ್ಕು ಬೆರಳೂ ಮಟ್ಟಸವಾಗಿ ಕೂರಬೇಕು. ಕಿರುಬೆರಳು ಕೂರಲಿಲ್ಲ. ಮೂರು ಸಲ ಕೆಂಪು ದೀಪ ಹತ್ತಿತು. ಅಕ್ಕ ಬಲಗೈಯಿಂದ ಅದನ್ನು ಅದುಮಿ ಹಿಡಿದಳು, ನೋವಿಗೆ ತುಟಿ ಕಚ್ಚಿದಳು. ಅಧಿಕಾರಿಣಿ ಒಮ್ಮೆ ಬೆರಳನ್ನು ನೋಡಿದರು, ಒಮ್ಮೆ ಸ್ಟುಡಿಯೋ ಫೋಟೋ ನೋಡಿದರು. ಈ ಬೆರಳಿಗೆ ಏನಾಯಿತು ಎಂದು ಕೇಳಿದರು.

“ಬಾಯಿಗೆ ಬಂತು ಕಣೇ. ‘ಮ’ ಅನ್ನೋವರೆಗೂ ಬಂತು. ಆಮೇಲೆ ಹೊಟ್ಟೆ ಉರೀತು. ನನ್ನ ಬೆರಳು ಮುರಿದೋನು ಅವನು, ಕೆಟ್ಟ ಹೆಸರು ನನ್ನ ಮಚ್ಚಿಗಾ? ಹೇಳಿಬಿಟ್ಟೆ. ‘ಅಮ್ಮಾ, ಮಚ್ಚಾಗಿದ್ರೆ ಬೆರಳೇ ಹೋಗಿರ್ತಿತ್ತು, ಹೀಗೆ ಬಾಗ್ತಿರಲಿಲ್ಲ. ಹನ್ನೆರಡು ವರ್ಷದಲ್ಲಿ ನನ್ನ ಮಚ್ಚು ಒಂದ್ಸಲಾನೂ ಜಾರಿಲ್ಲ. ಇದು ಬೀರು ಬಾಗಿಲು. ಒದ್ದೋನು ನನ್ನ ಗಂಡ.’ ಆ ಹುಡುಗಿ ತಿರುಗಿಸಿ ಹೇಳೋದು ಬಿಟ್ಟು ನನ್ನ ಮುಖಾನೇ ನೋಡಿದ್ಲು. ಮುಗೀತು, ಮಗಳು ಹೋದ್ಲು ಅಂದ್ಕೊಂಡೆ.”

ಅಧಿಕಾರಿಣಿ ತುಂಬ ಹೊತ್ತು ಬರೆದುಕೊಂಡರು. ಕೊನೆಗೆ, ಹೀಗಿದ್ದೂ ಯಾಕೆ ಹೋಗುತ್ತೀರಿ ಎಂದರು.

“ನನ್ನ ಮಗಳಿಗೆ ಆರು ವರ್ಷ. ಆ ಮನೇಲೂ ಬೀರು ಇರುತ್ತಲ್ಲಮ್ಮ ಅಂದೆ.”

ಪಾಸ್‌ಪೋರ್ಟನ್ನು ಅವರು ಒಳಗೇ ಇಟ್ಟುಕೊಂಡರು. ವೀಸಾ ಬರುತ್ತದೆ, ಇಲ್ಲಿ ಹೇಳಿದ್ದು ಗಂಡನ ಕಿವಿಗೆ ಹೋಗುವುದಿಲ್ಲ ಎಂದರು. ಗಾಜಿನ ಕೆಳಗಿನ ಕಂಡಿಯಿಂದ ಒಂದು ಅಚ್ಚಾದ ಹಾಳೆ ತಳ್ಳಿದರು. ಆ ದೇಶದಲ್ಲಿ ಗಂಡ ಕೈ ಮಾಡಿದರೆ ಯಾರಿಗೆ ಫೋನ್ ಮಾಡಬೇಕೆಂದು ಅದರಲ್ಲಿತ್ತು. ನಂಬರಿನ ಕೆಳಗೆ ಆ ಹುಡುಗಿ ಪೆನ್ನಿನಿಂದ ಎರಡು ಗೆರೆ ಎಳೆದುಕೊಟ್ಟಿದ್ದಳು.

ಬಸ್ಸು ನಮ್ಮ ಬೀದಿಗೆ ತಿರುಗುವಾಗ ಅಕ್ಕ ಆ ಹಾಳೆಯನ್ನು ನಾಲ್ಕಾಗಿ ಮಡಿಸಿ ನನ್ನ ಕೈಗಿಟ್ಟಳು.

“ಇದು ನನ್ನ ಹತ್ರ ಸಿಕ್ಕಿದ್ರೆ ಕೊಂದೇಬಿಡ್ತಾನೆ. ನೀನು ಬರೆಯೋ ಪುಸ್ತಕದಲ್ಲಿ ಅಂಟಿಸ್ಕೋ. ನನಗೊಂದು ಉಪಕಾರ ಮಾಡ್ತೀಯಾ? ಅಲ್ಲಿಗೆ ಹೋದ್ಮೇಲೆ ಪ್ರತಿ ಭಾನುವಾರ ಫೋನ್ ಮಾಡ್ತೀನಿ. ಅವನು ಪಕ್ಕದಲ್ಲೇ ಕೂತಿರ್ತಾನೆ, ಏನೂ ಹೇಳಕ್ಕಾಗಲ್ಲ. ನಾನೇನಾದ್ರೂ ‘ಅಡುಗೆ ಮಾಡ್ತಾ ಮಚ್ಚು ಜಾರಿತು’ ಅಂದ್ರೆ, ತಿರುಗಿಸಿ ಏನೂ ಕೇಳ್ಬೇಡ. ಫೋನ್ ಇಟ್ಟು ಈ ನಂಬರಿಗೆ ಮಾಡು. ಒಳಗೊಂದು ಮಗು ಇದೆ ಅಂತ ಮೊದಲು ಹೇಳು.”