ನಂಬರ್ ಹಾಕಿದ ಉಯಿಲು

ಬೆಳಗಿನ ಆರು ಗಂಟೆ. ಕೋರ್ಟಿನ ಗೇಟು ತೆರೆದೊಡನೆ ಎಲ್ಲರೂ ಟೈಪಕ್ಕ ಎನ್ನುವ ಟೈಪಿಸ್ಟ್ ಮೆಟ್ಟಿಲ ಕೆಳಗಿನ ಜಾಗ ಹಿಡಿಯುತ್ತಾರೆ. ಮೇಜಿನ ಕುಂಟುಕಾಲಿಗೆ ಮಡಚಿದ ರಟ್ಟು ಸಿಕ್ಕಿಸಿ, ಟೈಪ್‌ರೈಟರಿನ ಅಕ್ಷರಗಳಲ್ಲಿ ಕೂತ ಮಸಿಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುತ್ತಾರೆ. ಎಂಟರೊಳಗೆ ಮೂರು ಜನ ಬಂದು ನಿಂತಿರುತ್ತಾರೆ. ಬಾಡಿಗೆ ಕರಾರು, ಅಫಿಡವಿಟ್ಟು, ವಾರಕ್ಕೆ ಎರಡೋ ಮೂರೋ ಉಯಿಲು. ಇಪ್ಪತ್ತಾರು ವರ್ಷದಿಂದ ಇದೇ.

ವಕೀಲರ ಗುಮಾಸ್ತರಾಗಿದ್ದ ಅಪ್ಪ ಕಲಿಸಿದ್ದು ಒಂದೇ ಪಾಠ: ವಸ್ತು ಬರೆದರೆ ಗುರುತೂ ಬರೆ. ಮಗಳು ಅದನ್ನು ಮೀರಿದವರಲ್ಲ. ಬೀರು ಎಂದರೆ ಬಣ್ಣ, ಹೊಲಿಗೆ ಯಂತ್ರ ಎಂದರೆ ಅದರ ಮೇಲಿನ ಅಂಕಿ.

ಆರು ವರ್ಷದ ಹಿಂದೆ ಬ್ರೆಡ್ ವ್ಯಾಪಾರದ ಮುದುಕರೊಬ್ಬರು ಬಂದರು. ತೀರಿಕೊಂಡ ಕಿರಿಮಗನ ಹೆಂಡತಿಗೆ ವ್ಯಾನು, ಉಳಿದದ್ದೆಲ್ಲ ಹಿರಿಮಗನಿಗೆ. ಆ ವ್ಯಾನು ಓಡಿಸಿ ಮನೆಮನೆಗೆ ಬ್ರೆಡ್ ಹಾಕುತ್ತಿದ್ದವಳು ಆ ಸೊಸೆಯೇ.

"'ನನ್ನ ವ್ಯಾನು ಸೊಸೆಗೆ' ಅಂದ್ರು, ಅಷ್ಟೇ. ನಂಬರ್ ಕೇಳಿದ್ದು ನಾನು. 'ಯಾಕಮ್ಮಾ, ನನ್ನ ಹತ್ರ ಏನು ಹತ್ತು ವ್ಯಾನಿದ್ಯಾ?' ಅಂತ ನಕ್ರು. ನಾನೇ ಹೊರಗೆ ಹೋಗಿ ನೋಡ್ಕೊಂಡು ಬಂದು ಟೈಪ್ ಹೊಡೆದೆ" ಎನ್ನುತ್ತಾರೆ ಟೈಪಕ್ಕ.

ಮರುವರ್ಷ ಆ ವ್ಯಾನು ಗುಜರಿ ಸೇರಿತು. ಮುದುಕರು ಇನ್ನೊಂದು ಕೊಂಡರು. ಉಯಿಲು ಬದಲಿಸದೆ ಸತ್ತರು. ಹಿರಿಮಗ ಕೋರ್ಟಿಗೆ ಹೋದ.

ಮುದುಕರು ಹೇಳಿದ್ದು ಬರೀ 'ನನ್ನ ವ್ಯಾನು' ಎಂದು ಟೈಪಕ್ಕ ಸಾಕ್ಷಿ ಹೇಳಿದರು. ಬರೆದದ್ದು ಸ್ಪಷ್ಟವಾಗಿರುವಾಗ ಆಡಿದ ಮಾತಿಗೆ ಜಾಗವಿಲ್ಲ ಎಂದರು ನ್ಯಾಯಾಧೀಶರು. ಕೊಟ್ಟದ್ದು ಆ ನಂಬರಿನ ವ್ಯಾನು. ಸಾಯುವಾಗ ಅದು ಅವರ ಬಳಿ ಇರಲಿಲ್ಲ. ಹಾಗಾಗಿ ಸೊಸೆಗೆ ಕೊಟ್ಟದ್ದೇ ರದ್ದಾಯಿತು. ಈಗಿನ ವ್ಯಾನು 'ಉಳಿದದ್ದೆಲ್ಲ' ಎಂಬುದರೊಳಗೆ ಸೇರಿ ಹಿರಿಮಗನದಾಯಿತು. ಬರೀ 'ನನ್ನ ವ್ಯಾನು' ಎಂದಿದ್ದರೆ ಸಾಯುವಾಗ ಇದ್ದದ್ದು ಸೊಸೆಗೆ ಹೋಗುತ್ತಿತ್ತು ಎಂದೂ ತೀರ್ಪಿನಲ್ಲಿದೆ.

ಇವತ್ತು ಸೊಸೆ ಬ್ರೆಡ್ಡಿನ ಕೊನೆಯ ಸುತ್ತು ಮುಗಿಸಿ ಇಲ್ಲಿಗೇ ಬಂದಿದ್ದಾಳೆ. ವ್ಯಾನು ಒಪ್ಪಿಸಿದ ಪತ್ರ ಟೈಪಾಗಬೇಕು. ಭಾವ ಗೇಟಿನ ಬಳಿ ಕಾಯುತ್ತಿದ್ದಾನೆ.

"ನಂಬರ್ ಹಾಕಕ್ಕ. ಇದಕ್ಕಾದ್ರೂ ಬೇಕಲ್ಲ."

"ಬೈದುಬಿಡೇ ನನ್ನ."

"ಬೈದ್ರೆ ನಾಳೆ ಬ್ರೆಡ್ಡು ತಾನಾಗೇ ನಡ್ಕೊಂಡು ಹೋಗುತ್ತಾ?"

ಟೈಪಕ್ಕ ಹೊಡೆಯುತ್ತಾರೆ. ಸೊಸೆ ಸಹಿ ಹಾಕಿ, ಬೀಗದ ಕೈಯನ್ನು ಮೇಜಿನ ಮೇಲೆ ಬಿಟ್ಟು ಹೋಗುತ್ತಾಳೆ.

ಪತ್ರಿಕೆಗಾಗಿ ಮಾತಾಡಿಸಲು ಬಂದ ನಾವು ನಿಮಗೇನಾದರೂ ಆಸೆ ಇದೆಯೇ ಎಂದರೆ ಟೈಪಕ್ಕ ಬೀಗದ ಕೈಯನ್ನು ಪತ್ರದ ಮೇಲಿಟ್ಟು ಹೇಳುತ್ತಾರೆ:

"ನಾನು ಹಾಗೇ ನಂಬರ್ ಹಾಕಿ ಹೊಡೆದುಕೊಟ್ಟ ಉಯಿಲುಗಳು ಇನ್ನೂ ಎಷ್ಟು ಪೆಟ್ಟಿಗೆಗಳಲ್ಲಿವೆಯೋ. ಪೇಪರಲ್ಲಿ ಇದೊಂದು ಹಾಕಿ. ಬರೆಸಿದೋರಲ್ಲಿ ಬದುಕಿರೋರು ಬರ್ಲಿ, ಸಾಕ್ಷಿಗೆ ಇಬ್ಬರನ್ನ ಕರ್ಕೊಂಡು. ಹೊಸದಾಗಿ ಹೊಡೆದುಕೊಡ್ತೀನಿ. ಬೇಗ ಬರ್ಲಿ."